ಮೆನು ನಡುಗುತ್ತಾ, ಚಿತ್ರ ನಡುಗುತ್ತಾ? ಜಿಬಿಎಸ್-8200 ಬೋರ್ಡಿನ ದೋಷ ಹುಡುಕುವುದು, ಅದಕ್ಕೊಂದು ಡಬ್ಬಿ ಮಾಡುವುದು

ಚಿಂತಾಮಣಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಪಿಕ್ಚರ್ ಟ್ಯೂಬ್ ಟಿವಿಗಳೆಲ್ಲ ಗುಜರಿ ಸೇರಿದ ಮೇಲೆ ಅದು ಹೆಸರಿಗಷ್ಟೇ ಟಿವಿ ಅಂಗಡಿ. ಈಗ ಬರುವುದು ಮಿಕ್ಸಿ, ಅಡಾಪ್ಟರ್, ಬೋರ್‌ವೆಲ್ ಸ್ಟಾರ್ಟರ್. ಹೋದ ವರ್ಷ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಬಿಬಿಸಿ ಮೈಕ್ರೋ ಕಂಪ್ಯೂಟರ್ ತಂದರು. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 'ಕ್ಲಾಸ್' ಯೋಜನೆ ಶುರುಮಾಡಿದಾಗ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಮೇಷ್ಟ್ರು ಕಂಪ್ಯೂಟರ್ ಕಲಿತದ್ದೂ ಇದರ ಮೇಲೆಯೇ. ಎಲ್ಲೋ ಹರಾಜಿನಲ್ಲಿ ಕಂಡಿತಂತೆ, ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ.

"ಏನಪ್ಪಾ, ಇದರಲ್ಲಿ ಇನ್ನೂ ಜೀವ ಇದೆಯಾ ನೋಡು" ಅಂದರು.

ಜೀವ ಇತ್ತು. ಇಲ್ಲದೇ ಇದ್ದದ್ದು ಪರದೆ. ಈ ಯಂತ್ರ ಹೊರಡಿಸುವ ಚಿತ್ರದಲ್ಲಿ ಸೆಕೆಂಡಿಗೆ 15,625 ಗೆರೆಗಳು. ನಮ್ಮ ದೂರದರ್ಶನ ಬಳಸುತ್ತಿದ್ದ ಪಾಲ್ ಪದ್ಧತಿಯದೂ ಅಷ್ಟೇ. ಈಗಿನ ವಿಜಿಎ ಮಾನಿಟರ್ ಕೇಳುವುದು ಕನಿಷ್ಠ 31,500ರ ಆಸುಪಾಸು. ನೇರವಾಗಿ ಜೋಡಿಸಿದರೆ 'ವ್ಯಾಪ್ತಿ ಮೀರಿದೆ' ಎಂದು ಬರೆದು ಕತ್ತಲಾಗುತ್ತದೆ. ಎರಡರ ನಡುವೆ ಕೂರಿಸಬೇಕಾದದ್ದೇ ಜಿಬಿಎಸ್-8200. ಹವ್ಯಾಸಿಗಳು, ಹಳೆಯ ವಿಡಿಯೊ ಗೇಮ್ ಯಂತ್ರ ರಿಪೇರಿಯವರು ವರ್ಷಗಳಿಂದ ಬಳಸುತ್ತಿರುವ ಅಗ್ಗದ ಚೀನಾ ಬೋರ್ಡು. ಡಬ್ಬಿ ಇಲ್ಲ, ಸರಿಯಾದ ಕೈಪಿಡಿ ಇಲ್ಲ, ಬರೀ ಬೋರ್ಡು. ಅದರ ಮೇಲಿನ ದೊಡ್ಡ ಚಿಪ್, ಟ್ರೂವ್ಯೂ 5725, ಒಳಬಂದ ಚಿತ್ರವನ್ನು ಅಂಕಿಗಳಾಗಿ ಮಾಡಿ ಮೆಮೊರಿಯಲ್ಲಿಟ್ಟು, ವಿಜಿಎ ವೇಗದಲ್ಲಿ ಮತ್ತೆ ಹೊರಗೆ ಕಳಿಸುತ್ತದೆ.

"ಬೋರ್ಡು ಸತ್ತಿದೆ" ಎಂದು ತಂದುಕೊಟ್ಟ ಇಂಥ ಬೋರ್ಡುಗಳನ್ನು ಆಮೇಲೂ ಕೆಲವನ್ನು ನೋಡಿದೆ. ನಿಜವಾಗಿ ಸತ್ತದ್ದು ಒಂದೇ ಒಂದು. ಉಳಿದವುಗಳಲ್ಲಿ ರೋಗ ಬೋರ್ಡಿನ ಹಿಂದಿತ್ತು, ಇಲ್ಲವೇ ಮುಂದಿತ್ತು. ಯಾವ ಕಡೆ ಅಂತ ತಿಳಿಯಲು ಆಸಿಲೋಸ್ಕೋಪ್ ಬೇಕಿಲ್ಲ, ಪರದೆಯೇ ಹೇಳುತ್ತದೆ.

ಮೊದಲು ಮೂಗು, ಆಮೇಲೆ ಮೀಟರ್

ಬಿಬಿಸಿ ಮೈಕ್ರೋದಂಥ ನಲವತ್ತು ವರ್ಷದ ಯಂತ್ರವಾದರೆ ಪ್ಲಗ್ ಹಾಕುವ ಮೊದಲೇ ಅದರ ಪವರ್ ಸಪ್ಲೈ ಬಿಚ್ಚಿ. ಕರೆಂಟು ಒಳಬರುವ ಜಾಗದಲ್ಲಿ ಜೇನಿನ ಬಣ್ಣದ, ಒಳಗಿನ ಸುರುಳಿ ಕಾಣುವಂಥ ರೀಫಾ ಕಂಪನಿಯ ಕೆಪಾಸಿಟರ್ ಇರುತ್ತದೆ. ಒಳಗಿರುವುದು ಕಾಗದ. ಮೇಲಿನ ಹೊದಿಕೆ ವಯಸ್ಸಾಗಿ ಸೀಳುಬಿಟ್ಟು ತೇವ ಹೀರಿಕೊಂಡಿರುತ್ತದೆ. ಆನ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಪಟ್ ಅಂದು ಅಂಗಡಿ ತುಂಬ ಹೊಗೆ. ಮೇಷ್ಟ್ರ ಯಂತ್ರದ್ದು ಆಗಲೇ ಸೀಳಿತ್ತು. ಅಷ್ಟೇ ಮೈಕ್ರೋಫ್ಯಾರಡ್‌ನ, ಎಕ್ಸ್2 ದರ್ಜೆಯ (ಮನೆ ಕರೆಂಟಿಗೆ ನೇರ ಜೋಡಿಸಲೆಂದೇ ಮಾಡಿದ) ಹೊಸದನ್ನೇ ಹಾಕಿ. ಫ್ಯಾನಿನ ಕೆಪಾಸಿಟರ್ ಇಲ್ಲಿ ಹಾಕಬೇಡಿ.

ಇನ್ನು ಬೋರ್ಡಿನ ಕರೆಂಟು. ಅದಕ್ಕೆ ಬೇಕಿರುವುದು 5 ವೋಲ್ಟ್ ಡಿಸಿ, 2 ಆಂಪಿಯರ್ ಕೊಡಬಲ್ಲ ಅಡಾಪ್ಟರ್. ನಮ್ಮಲ್ಲಿ ಪ್ರತಿ ಮನೆಯಲ್ಲೂ ಸತ್ತ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಮೊಳೆಗೆ ನೇತಾಡುತ್ತಿರುತ್ತದೆ. ಅದು ಸಾಮಾನ್ಯವಾಗಿ 12 ವೋಲ್ಟಿನದು, ಪಿನ್ ಮಾತ್ರ ಸಲೀಸಾಗಿ ಒಳಗೆ ಹೋಗುತ್ತದೆ. ನಿಜವಾಗಿ ಸತ್ತಿದ್ದ ಆ ಒಂದು ಬೋರ್ಡು ಸತ್ತದ್ದು ಹೀಗೆ.

5 ವೋಲ್ಟನ್ನು ಅಡಾಪ್ಟರಿನ ತುದಿಯಲ್ಲಿ ಅಳೆದು ಸಮಾಧಾನ ಪಟ್ಟುಕೊಳ್ಳಬೇಡಿ. ಬೋರ್ಡು ಓಡುತ್ತಿರುವಾಗ, ಬೋರ್ಡಿನ ಮೇಲೆಯೇ, ಜ್ಯಾಕಿನ ಬೆಸುಗೆಯ ಹತ್ತಿರ ಅಳೆಯಿರಿ. ಮೊಬೈಲ್ ಚಾರ್ಜರಿನ ತೆಳ್ಳನೆ ಕೇಬಲ್ ಕತ್ತರಿಸಿ ಹಾಕಿದ್ದರೆ ಆ ಕೂದಲಿನಂಥ ವೈರಿನಲ್ಲೇ ಅರ್ಧ ಓಮ್ ಇರಬಹುದು. ಮುಕ್ಕಾಲು ಆಂಪಿಯರ್ ಹರಿದರೆ 0.37 ವೋಲ್ಟ್ ದಾರಿಯಲ್ಲೇ ಮಾಯ. ಬೋರ್ಡಿನ ಮೇಲೆ 4.8ಕ್ಕಿಂತ ಕಡಿಮೆ ಕಂಡರೆ ನಾನು ಮುಂದಿನ ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ. ಮೊದಲು ವೈರು ಬದಲು.

ಮೆನು ಒತ್ತಿ ನೋಡುವುದು

ಚಿತ್ರ ಬರುತ್ತಿದೆ, ಆದರೆ ನಡುಗುತ್ತದೆ, ಹರಿಯುತ್ತದೆ, ಪಟ್ಟಿ ಓಡುತ್ತದೆ ಅಂತಿಟ್ಟುಕೊಳ್ಳಿ. ಬೋರ್ಡಿನ ಮೆನು ಬಟನ್ ಒತ್ತಿ. ಚಿತ್ರದ ಮೇಲೆ ಮೆನು ಮೂಡುತ್ತದೆ. ಆ ಮೆನು ನಿಮ್ಮ ಕಂಪ್ಯೂಟರಿನಿಂದ ಬಂದದ್ದಲ್ಲ, ಚಿತ್ರ ಬೋರ್ಡಿನಿಂದ ಹೊರಡುವ ಹಂತದಲ್ಲಿ ಚಿಪ್ ಅದರ ಮೇಲೆ ಅಂಟಿಸುವ ಚೀಟಿ. ಹಾಗಾಗಿ,

ಮೆನು ಕಲ್ಲಿನ ಹಾಗೆ ನಿಂತಿದೆ, ಹಿಂದಿನ ಚಿತ್ರ ಮಾತ್ರ ಕುಣಿಯುತ್ತಿದೆ: ರೋಗ ಒಳಬರುವ ಕಡೆ. ವೈರು, ಸಿಂಕ್ (ಪ್ರತಿ ಗೆರೆ, ಪ್ರತಿ ಚಿತ್ರ ಎಲ್ಲಿ ಶುರು ಅಂತ ತಿಳಿಸುವ ಸಂಕೇತ), ಗ್ರೌಂಡ್, ಇಲ್ಲವೇ ಕಂಪ್ಯೂಟರ್.

ಮೆನುವೂ ಚಿತ್ರದ ಜೊತೆ ಕುಣಿಯುತ್ತಿದೆ: ಬೋರ್ಡಿನ ಕರೆಂಟು, ವಿಜಿಎ ಕೇಬಲ್, ಇಲ್ಲವೇ ಮಾನಿಟರ್.

ಇಷ್ಟು ಸಣ್ಣ ಪರೀಕ್ಷೆ ಮಾಡದೆ ಮೊದಲ ದಿನ ನಾನು ಮೂರು ಗಂಟೆ ಸಿಂಕ್ ವೈರನ್ನೇ ಬಿಚ್ಚಿ ಬೆಸೆಯುತ್ತ ಕೂತಿದ್ದೆ.

ಇದರ ಜೊತೆಗೆ ಇನ್ನೊಂದು ಸುಳಿವಿದೆ, ನಮ್ಮ ದೇಶದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಿಬಿಸಿ ಮೈಕ್ರೋದ ಚಿತ್ರವೂ ಸೆಕೆಂಡಿಗೆ 50. ಬೋರ್ಡು ಮಾನಿಟರಿಗೆ ಕಳಿಸುವುದು 60. ಮಬ್ಬು ಪಟ್ಟಿಯೊಂದು ಎಮ್ಮೆ ನಡೆದ ಹಾಗೆ ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದರೆ, ಕೆಲವೊಮ್ಮೆ ನಿಂತೇ ಬಿಟ್ಟರೆ, ಕರೆಂಟಿನ ಗುಂಯ್ ಸೇರಿಕೊಂಡದ್ದು ಒಳಬರುವ ಕಡೆಯಲ್ಲಿ. 50ರ ಮೇಲೆ 50 ಕೂತಿದೆ, ಹೆಚ್ಚುಕಮ್ಮಿ ಹೊಂದಿಕೊಂಡಿದೆ. ಬದಲಿಗೆ ಪಟ್ಟಿ ಕಣ್ಣಿಗೆ ನಿಲುಕದ ವೇಗದಲ್ಲಿ ಓಡಿ ಪರದೆಯಿಡೀ ಮಿಣುಕಿದಂತೆ ಕಂಡರೆ ಅದು ಹೊರಹೋಗುವ ಕಡೆ. 60ಕ್ಕೂ 50ಕ್ಕೂ ಇರುವ ವ್ಯತ್ಯಾಸ, ಸೆಕೆಂಡಿಗೆ ಹತ್ತು ಸಲ, ಅಲ್ಲಿ ಕಾಣುತ್ತದೆ. ನಿಧಾನದ ಪಟ್ಟಿ ಒಂದಲ್ಲ, ಎರಡು ಕಂಡರೆ ಅದು 100 ಹರ್ಟ್ಸ್. ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ಇರುವ ಹಳೆಯ ಸಪ್ಲೈಯಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿದೆ.

ಚಿತ್ರವೇ ಇಲ್ಲದಿದ್ದರೆ

ಮಾನಿಟರನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ, ಅದು ಸರಿ ಇದೆ ಅಂತಾಗಲಿ. ಆಮೇಲೆ ಬೋರ್ಡಿಗೆ ನಂಬಿಕಸ್ಥ ಚಿತ್ರವೊಂದನ್ನು ಕೊಡಿ. ಹಳೆಯ ಡಿವಿಡಿ ಪ್ಲೇಯರಿನ ಹಿಂದೆ ಹಸಿರು, ನೀಲಿ, ಕೆಂಪು ಮೂರು ಜ್ಯಾಕ್ ಇದ್ದರೆ ಅವು ಬೋರ್ಡಿನ ಅದೇ ಬಣ್ಣದ ಮೂರು ಜ್ಯಾಕಿಗೆ. ಪ್ಲೇಯರಿನ ಸೆಟ್ಟಿಂಗಿನಲ್ಲಿ ಕಾಂಪೊನೆಂಟ್ ಅಂತ ಆರಿಸುವುದನ್ನು ಮರೆಯಬೇಡಿ.

ಡಿವಿಡಿ ಇಲ್ಲವೇ? ಸೆಟ್‌ಟಾಪ್ ಬಾಕ್ಸಿನ ಹಳದಿ ವೈರನ್ನು ಬೋರ್ಡಿನ ಹಸಿರು ಜ್ಯಾಕಿಗೆ ಹಾಕಿ. ಕಪ್ಪು-ಬಿಳುಪು ಚಿತ್ರ ಬಂದರೆ ಬೋರ್ಡಿನ ಬಹುಪಾಲು ಆರೋಗ್ಯವಾಗಿದೆ. ಬಣ್ಣ ಬರಲಿಲ್ಲ ಅಂತ ಕೊರಗಬೇಡಿ. ಹಳದಿ ವೈರಿನಲ್ಲಿ ಬೆಳಕು ಬಣ್ಣ ಎರಡನ್ನೂ ಕಲಸಿ ಕಳಿಸಿರುತ್ತಾರೆ, ಅದನ್ನು ಬಿಡಿಸುವ ಭಾಗ ಈ ಬೋರ್ಡಿನಲ್ಲಿ ಇಲ್ಲವೇ ಇಲ್ಲ. ಕಾರ್ಟ್ರಿಜ್ ಹಾಕಿ ಆಡುತ್ತಿದ್ದ ವಿಡಿಯೊ ಗೇಮನ್ನು ಜೋಡಿಸಿ "ಬಣ್ಣ ಇಲ್ಲ, ಬೋರ್ಡು ಹೋಯ್ತಣ್ಣ" ಎಂದು ಬಂದ ಹುಡುಗನ ಸಮಸ್ಯೆ ಇದೇ ಆಗಿತ್ತು.

ಸಿಂಕ್ ಮತ್ತು ಬಣ್ಣ

ಬಿಬಿಸಿ ಮೈಕ್ರೋದ ಹಿಂದೆ ಆರು ಪಿನ್ನಿನ ದುಂಡಗಿನ ಸಾಕೆಟ್. ಒಂದು ಕೆಂಪು, ಎರಡು ಹಸಿರು, ಮೂರು ನೀಲಿ, ನಾಲ್ಕು ಸಿಂಕ್, ಐದು ಗ್ರೌಂಡ್, ಆರು 5 ವೋಲ್ಟ್. ಆರನೆಯದನ್ನು ಮುಟ್ಟಬೇಡಿ, ಅದರಿಂದ ಬೋರ್ಡಿಗೆ ಕರೆಂಟು ಕೊಡುವ ಆಸೆಯೂ ಬೇಡ. ವೈರಿಗೆ ನಾನು ಬಳಸುವುದು ಹಳೆಯ ವಿಜಿಎ ಕೇಬಲ್. ಅರ್ಧಕ್ಕೆ ಕತ್ತರಿಸಿದರೆ ಒಳಗೆ ಕೆಂಪು, ಹಸಿರು, ನೀಲಿ ಮೂರಕ್ಕೂ ಅದರದರದೇ ಜಾಲರಿ ಹೊದಿಕೆ ಇರುತ್ತದೆ. ಇಷ್ಟು ಒಳ್ಳೆಯ ವೈರನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಲು ಹೋದರೆ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕು. ವಿಜಿಎ ಪ್ಲಗ್ಗಿನಲ್ಲಿ 1, 2, 3 ಬಣ್ಣಗಳು. 6, 7, 8 ಅವುಗಳ ಗ್ರೌಂಡ್. ಸಿಂಕ್ ಹೋಗಬೇಕಾದದ್ದು 13ಕ್ಕೆ. ಬಿಬಿಸಿ ಕೊಡುವುದು ಅಡ್ಡ, ಉದ್ದ ಎರಡೂ ಸೇರಿದ ಸಿಂಕ್, ಹಾಗಾಗಿ 14 ಖಾಲಿ ಇರಲಿ.

ಎಲ್ಲರೂ ಎಡವುವ ಜಾಗ ಮುಂದಿನದು. ಬೋರ್ಡಿನ ಬಣ್ಣದ ಪಿನ್ನುಗಳು ಕಾಯುತ್ತಿರುವುದು 75 ಓಮ್ ಮೇಲೆ 0.7 ವೋಲ್ಟ್. ಬಿಬಿಸಿ ಮೈಕ್ರೋದ ಬಣ್ಣಗಳು ಡಿಜಿಟಲ್ ಚಿಪ್ಪಿನ ಮಟ್ಟದವು, ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಹಾಗೇ ನೇರ ಕೊಟ್ಟರೆ ಅಕ್ಷರಗಳ ಬಲಗಡೆ ಬಣ್ಣ ಎಳೆದುಕೊಂಡು ಹೋಗುತ್ತದೆ, ಬಿಳಿ ಕಣ್ಣು ಕುಕ್ಕುತ್ತದೆ, ಒಮ್ಮೊಮ್ಮೆ ಸಿಂಕೇ ತಪ್ಪುತ್ತದೆ. ಪ್ರತಿ ಬಣ್ಣದ ದಾರಿಯಲ್ಲಿ ಒಂದು ರೆಸಿಸ್ಟರ್ ಇಡಿ. ಲೆಕ್ಕ ಸುಲಭ: ಬರುವ ವೋಲ್ಟನ್ನು 0.7ರಿಂದ ಭಾಗಿಸಿ, ಒಂದು ಕಳೆದು, 75ರಿಂದ ಗುಣಿಸಿ. 5 ವೋಲ್ಟಿಗೆ 460 ಬರುತ್ತದೆ, 3.5ಕ್ಕೆ 300. ನಾನು 470 ಓಮ್ ಹಾಕಿ ನೋಡಿದೆ, ಮಂಕಾಯಿತು. 330ಕ್ಕೆ ಇಳಿಸಿದೆ, ಕೂತಿತು. ಸಿಂಕ್ ವೈರಿಗೂ 330ರದೇ ಒಂದು.

ಬಣ್ಣ ಸರಿಯಿದೆಯಾ ಅಂತ ನೋಡಲು ಮೇಷ್ಟ್ರೇ ಉಪಾಯ ಕೊಟ್ಟರು. ಕಂಪ್ಯೂಟರಿನ ಹಲವು ಪರದೆ ವಿಧಗಳಲ್ಲಿ ಒಂದಾದ ಮೋಡ್ 2ಕ್ಕೆ ಹೋಗಿ, 'ಕಲರ್ 129' ಎಂದು ಕೊಟ್ಟು ಪರದೆ ಅಳಿಸುವ 'ಸಿಎಲ್ಎಸ್' ಆದೇಶ ಕೊಟ್ಟರೆ ಪರದೆಯೆಲ್ಲ ಕೆಂಪು. 130 ಹಸಿರು, 131 ಹಳದಿ, 132 ನೀಲಿ, 133 ನೇರಳೆಗೆಂಪು, 134 ತಿಳಿನೀಲಿ, 135 ಬಿಳಿ. ಹಳದಿ ಕೇಳಿದರೆ ಹಸಿರು ಬಂದು, ಬಿಳಿ ಕೇಳಿದರೆ ತಿಳಿನೀಲಿ ಬಂದರೆ ಕೆಂಪು ವೈರು ಬಿಟ್ಟಿದೆ. ಇದೇ ತರ್ಕದಲ್ಲಿ ಉಳಿದೆರಡನ್ನೂ ಹಿಡಿಯಬಹುದು. ಎಲ್ಲವೂ ಹಸಿರು, ಗುಲಾಬಿಯಾಗಿ ಕಲಸಿಹೋಗಿದ್ದರೆ ವೈರನ್ನು ಬೈಯಬೇಡಿ. ಬೋರ್ಡಿನ ಮೆನುವಿನಲ್ಲಿ ಇನ್‌ಪುಟ್ ಆಗಿ ಆರ್‌ಜಿಬಿ (ಕೆಂಪು-ಹಸಿರು-ನೀಲಿ) ಬದಲು ಮೂರು ಜ್ಯಾಕಿನ ಕಾಂಪೊನೆಂಟ್ ಆಯ್ಕೆಯಾಗಿದೆ. ಬೋರ್ಡಿನ ಮೇಲೆ ಮೂರು ಬಣ್ಣಕ್ಕೂ ಅದರ ಮಟ್ಟ ಹೊಂದಿಸುವ ಒಂದೊಂದು ಪುಟಾಣಿ ತಿರುಪು, ಅಂದರೆ ಪ್ರಿಸೆಟ್, ಇದೆ. ತಿರುಗಿಸುವ ಮೊದಲು ಈಗಿರುವ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿಕೊಳ್ಳಿ.

ದೋಷವಲ್ಲದ ಎರಡು ದೋಷಗಳು

ಬಿಬಿಸಿ ಮೈಕ್ರೋ ಆನ್ ಆದ ಕೂಡಲೇ ತೋರಿಸುವುದು ಮೋಡ್ 7. ಅದು ಟೆಲಿಟೆಕ್ಸ್ಟ್ ಪರದೆ, ಟಿವಿಯಲ್ಲಿ ಅಕ್ಷರಗಳ ಪುಟ ತೋರಿಸುತ್ತಿದ್ದ ಪದ್ಧತಿಯದು. ಗೆರೆಗಳನ್ನು ಬೆಸ, ಸಮ ಎಂದು ಎರಡು ಕಂತಿನಲ್ಲಿ ಕಳಿಸುತ್ತದೆ. ಈ ಬೋರ್ಡು ಆ ಎರಡನ್ನು ಹೊಲಿಯುವುದರಲ್ಲಿ ಅಷ್ಟು ಜಾಣ ಅಲ್ಲ, ಅಕ್ಷರಗಳು ಒಂದೇ ಗೆರೆಯಷ್ಟು ಮೇಲೆ ಕೆಳಗೆ ಅದುರುತ್ತವೆ. ಮೊದಲ ನೋಟಕ್ಕೇ ಇದು ಕಾಣುವುದರಿಂದ ಜನ ಇದನ್ನೇ ರೋಗ ಅಂದುಕೊಳ್ಳುತ್ತಾರೆ. ನಕ್ಷತ್ರ ಚಿಹ್ನೆ ಹಾಕಿ 'ಟಿವಿ 0,1' ಕೊಟ್ಟು, ಆಮೇಲೆ ಮೋಡ್ 1ಕ್ಕೋ 4ಕ್ಕೋ ಹೋಗಿ ನೋಡಿ. ಅದುರುವುದು ನಿಂತರೆ ನಿಮ್ಮ ವೈರು ಸರಿಯಿದೆ. ಮೋಡ್ 7ಕ್ಕೆ ಮಾತ್ರ ಈ ಆದೇಶ ನಾಟುವುದಿಲ್ಲ.

ಎರಡನೆಯದು, ಆಟದಲ್ಲಿ ಏನಾದರೂ ಅಡ್ಡಕ್ಕೆ ಚಲಿಸುವಾಗ ಸಣ್ಣಗೆ ತಡವರಿಸುವುದು. 50 ಚಿತ್ರಗಳನ್ನು 60 ಮಾಡಬೇಕಾದರೆ ಪ್ರತಿ ಐದರಲ್ಲಿ ಒಂದನ್ನು ಎರಡು ಸಲ ತೋರಿಸಲೇಬೇಕು. ಬೋರ್ಡಿನ ಮೂಲ ತಂತ್ರಾಂಶದಲ್ಲಿ ಇದಕ್ಕೆ ಮದ್ದಿಲ್ಲ.

ಅರ್ಥಿಂಗ್: ನಮ್ಮ ಸೀಮೆಯ ಕಾಯಿಲೆ

ಬೇಸಿಗೆಯಲ್ಲಿ ಮಾತ್ರ ಕಾಣಿಸುವ ನಿಧಾನದ ಪಟ್ಟಿಯೊಂದು ನನ್ನನ್ನು ಬಹಳ ಆಟ ಆಡಿಸಿತು. ಮೇಷ್ಟ್ರ ಮನೆಯಲ್ಲಿ ಪಟ್ಟಿ, ನನ್ನ ಅಂಗಡಿಯಲ್ಲಿ ಇಲ್ಲ. ಅವರ ಮನೆಯಲ್ಲಿ ಮಾನಿಟರಿನ ಲೋಹದ ಭಾಗ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತಿತ್ತು. ವಿಜಿಎ ಪ್ಲಗ್ಗಿನ ಹೊರಕವಚಕ್ಕೂ ಕೊಳಾಯಿಯ ಕಬ್ಬಿಣದ ಪೈಪಿಗೂ ನಡುವೆ ಮೀಟರ್ ಹಿಡಿದೆ, ಎಸಿ 110 ವೋಲ್ಟಿನ ಆಸುಪಾಸು. ಮಾನಿಟರಿನ ಒಳಗಿನ ಫಿಲ್ಟರಿನಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು, ಎರಡು ಪುಟ್ಟ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತವೆ. ಅರ್ಥ್ ಇದ್ದರೆ ಆ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಮೈ 230ರ ಅರ್ಧಕ್ಕೆ ತೇಲುತ್ತದೆ. ಸೋರುವ ಕರೆಂಟು ಕಡಿಮೆ, ಆದರೆ ಅದು ಭೂಮಿಗೆ ಹೋಗಲು ಹಿಡಿಯುವ ದಾರಿ ನಿಮ್ಮ ವಿಡಿಯೊ ಕೇಬಲ್ಲಿನ ಗ್ರೌಂಡ್. ಪ್ಲಗ್ ಸಿಕ್ಕಿಸುವ ಕ್ಷಣದಲ್ಲಿ ಚಿಪ್ಪನ್ನೂ ಸುಡಬಲ್ಲದು. ಹಾಗಾಗಿ ಎಲ್ಲ ಕೇಬಲ್ ಜೋಡಿಸಿದ ಮೇಲೆಯೇ ಸ್ವಿಚ್ ಹಾಕಿ.

ಅವರ ಮನೆಯ ಹಿತ್ತಲಿನ ಅರ್ಥ್ ಗುಂಡಿ ನೋಡಿದರೆ ಒಣಗಿ ಬಿರಿದಿತ್ತು, ತಂತಿ ಕೈಯಲ್ಲಿ ಎಳೆದರೆ ಬಂತು. ಉಪ್ಪು, ಇದ್ದಿಲು ಹೊಸದಾಗಿ ತುಂಬಿಸಿ, ತಂತಿಗೆ ಬೋಲ್ಟು ಬಿಗಿಸಿ, ನಾಲ್ಕು ಬಿಂದಿಗೆ ನೀರು ಹೊಯ್ದೆವು. ಈ ಕಡೆಯ ಗರಸು ನೆಲದಲ್ಲಿ ಬೇಸಿಗೆಯಿಡೀ ಆಗಾಗ ನೀರು ಹಾಕದಿದ್ದರೆ ಅರ್ಥ್ ಇದ್ದೂ ಇಲ್ಲದ ಹಾಗೆ. ಮನೆಯ ವೈರಿಂಗ್ ಬಿಚ್ಚುವ ಕೆಲಸವಿದ್ದರೆ ಲೈಸೆನ್ಸ್ ಇರುವವರನ್ನೇ ಕರೆಸಿ. ಆಮೇಲೆ ಕಂಪ್ಯೂಟರ್, ಬೋರ್ಡು, ಮಾನಿಟರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದೆ. ಪಟ್ಟಿ ಹೋಯಿತು, ಜುಂ ಅನ್ನುವುದೂ ಹೋಯಿತು.

ಡಬ್ಬಿಗೆ ಹಾಕಿದ ಮೇಲೆ ಹುಟ್ಟಿದ ದೋಷ

ಮೇಜಿನ ಮೇಲೆ ವಾರವಿಡೀ ಚೆನ್ನಾಗಿ ಓಡಿದ ಬೋರ್ಡನ್ನು ಮೊದಲು ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಕೂರಿಸಿದೆ. "ಅನ್ನದ ಡಬ್ಬಿಗೂ ಕಣ್ಣು ಹಾಕಿದಿರಾ" ಎಂದು ಮನೆಯಲ್ಲಿ ಬೈಸಿಕೊಂಡದ್ದಷ್ಟೇ ಲಾಭ. ಮುಚ್ಚಳ ಹಾಕಿ ಇಪ್ಪತ್ತು ನಿಮಿಷಕ್ಕೆ ಚಿತ್ರ ಅಡ್ಡಡ್ಡ ಹರಿಯತೊಡಗಿತು. ಮುಚ್ಚಳ ತೆಗೆದು ಹತ್ತು ನಿಮಿಷ ಬಿಟ್ಟರೆ ಸರಿ. ಮೆನು ಒತ್ತಿದೆ, ಮೆನುವೂ ಹರಿಯುತ್ತಿತ್ತು. ಅಂದರೆ ಕರೆಂಟು.

ತಪ್ಪು ನನ್ನದೇ. ಕೈಗೆ ಸಿಕ್ಕ 12 ವೋಲ್ಟ್ ಅಡಾಪ್ಟರ್ ಬಳಸಿ, ಒಳಗೆ 7805 ರೆಗ್ಯುಲೇಟರ್ ಹಾಕಿ 5 ಮಾಡಿಕೊಂಡಿದ್ದೆ. ಬೋರ್ಡು ಎಳೆಯುತ್ತಿದ್ದದ್ದು ಸುಮಾರು 0.6 ಆಂಪಿಯರ್. ಉಳಿದ 7 ವೋಲ್ಟನ್ನು ರೆಗ್ಯುಲೇಟರ್ ಶಾಖವಾಗಿ ಸುಡಬೇಕು, ಅಂದರೆ 4.2 ವ್ಯಾಟ್. ಹೆಬ್ಬೆರಳು ಗಾತ್ರದ ಹೀಟ್‌ಸಿಂಕ್ ಗಾಳಿಯಲ್ಲಿ ಹೇಗೋ ತಡೆದುಕೊಂಡಿತ್ತು. ಮುಚ್ಚಿದ ಡಬ್ಬಿಯಲ್ಲಿ ಬಿಸಿ ಹೊರಹೋಗದೆ 7805 ತನ್ನನ್ನು ತಾನು ಉಳಿಸಿಕೊಳ್ಳಲು ವೋಲ್ಟ್ ಇಳಿಸಿಬಿಡುತ್ತಿತ್ತು. ಅದರ ಬದಲು ಎಲ್‌ಎಂ2596 ಇರುವ ಬಕ್ ಮಾಡ್ಯೂಲ್ (ಅಷ್ಟು ಬಿಸಿಯಾಗದೆ ವೋಲ್ಟ್ ಇಳಿಸುವಂಥದ್ದು) ಹಾಕಿದೆ. ಬಿಸಿ ಇಳಿಯಿತು, ಆದರೆ ಚಿತ್ರದ ಮೇಲೆ ಓರೆ ಗೆರೆಗಳ ನೇಯ್ಗೆ ಮೂಡಿತು, ಮೆನು ಮಾತ್ರ ಸ್ವಚ್ಛ. ಮಾಡ್ಯೂಲಿನ ಕಾಯಿಲ್ ಆರ್‌ಜಿಬಿ ವೈರಿನ ಪಕ್ಕದಲ್ಲೇ ಕೂತಿತ್ತು. ಕೊನೆಗೆ ಎರಡನ್ನೂ ಕಿತ್ತು 5 ವೋಲ್ಟ್ 2 ಆಂಪಿಯರ್ ಅಡಾಪ್ಟರನ್ನು ಹೊರಗೇ ಇಟ್ಟೆ. ಡಬ್ಬಿಯೊಳಗೆ ಕರೆಂಟು ಮಾಡುವ ಉಸಾಬರಿಯೇ ಬೇಡ.

ಈಗಿರುವ ಡಬ್ಬಿ ಸತ್ತ ಸೆಟ್‌ಟಾಪ್ ಬಾಕ್ಸಿನದು. ಇದಕ್ಕಿಂತ ಒಳ್ಳೆಯದನ್ನು ದುಡ್ಡು ಕೊಟ್ಟರೂ ತರಲಾರೆ: ತಗಡಿನ ಮೈ, ಮೇಲೂ ಕೆಳಗೂ ಗಾಳಿಯ ಸೀಳು, ರಬ್ಬರ್ ಕಾಲು. ಬೋರ್ಡನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ತೂತುಗಳನ್ನೂ ಗುರುತಿಸಿ, ಕಾಗದವನ್ನು ತಗಡಿಗೆ ಅಂಟಿಸಿಯೇ ಡ್ರಿಲ್ ಮಾಡಿ. ಕೆಳಗೆ 10 ಮಿಲಿಮೀಟರಿನ ಹಿತ್ತಾಳೆ ಕಂಬಗಳು, ಕಂಬಕ್ಕೂ ಬೋರ್ಡಿಗೂ ನಡುವೆ ನೈಲಾನ್ ವಾಷರ್. ತಗಡಿನ ಮೇಲೆ ಹಳೆಯ ಪ್ಲಾಸ್ಟಿಕ್ ಫೈಲಿನ ಹಾಳೆ ಕತ್ತರಿಸಿ ಹಾಸಿ. ಇಲ್ಲದಿದ್ದರೆ ಬೋರ್ಡಿನ ಕೆಳಗೆ ಚಾಚಿಕೊಂಡಿರುವ ಬೆಸುಗೆಯ ಮುಳ್ಳು ಯಾವತ್ತೋ ಒಂದು ದಿನ ತಗಡಿಗೆ ತಾಗುತ್ತದೆ. ವಿಜಿಎ ಕಿಂಡಿಗೆ ಸಾಲಾಗಿ ಸಣ್ಣ ತೂತು ಕೊರೆದು, ಮುಕ್ಕೋನದ ಅರದಿಂದ ಉಜ್ಜಿದೆ. ತಾಳ್ಮೆಯ ಕೆಲಸ, ಎರಡು ಸಂಜೆ ಹಿಡಿಯಿತು. ಮೆನು ಬಟನ್‌ಗಳ ನೇರಕ್ಕೆ ಮುಚ್ಚಳದಲ್ಲಿ ತೂತು ಮಾಡಿ ಖಾಲಿ ಬಾಲ್‌ಪೆನ್ನಿನ ರೀಫಿಲ್ ತುಂಡುಗಳನ್ನು ಇಳಿಬಿಟ್ಟರೆ ಹೊರಗಿನಿಂದಲೇ ಒತ್ತಬಹುದು. ದೊಡ್ಡ ಚಿಪ್ಪಿನ ಮೇಲೆ ಒಂದು ಸಣ್ಣ ಹೀಟ್‌ಸಿಂಕ್ ಅಂಟಿಸಿ. ಒಳಬರುವ ವೈರನ್ನು ಗೋಡೆಯ ಹತ್ತಿರವೇ ಕೇಬಲ್ ಟೈ ಹಾಕಿ ಬಿಗಿಯಿರಿ, ಹೊರಗೆ ಯಾರಾದರೂ ಎಡವಿದರೆ ಎಳೆತ ಬೆಸುಗೆಗೆ ತಾಗಬಾರದು.

ಗಾಳಿಯ ಸೀಳುಗಳಿಗೆ ಒಳಗಿನಿಂದ ಸೊಳ್ಳೆ ಪರದೆಯ ಬಲೆ ಅಂಟಿಸುವುದನ್ನು ಬಿಡಬೇಡಿ. ಬಿಸಿ ಡಬ್ಬಿ ಅಂದರೆ ಹಲ್ಲಿಗೂ ಇರುವೆಗೂ ಮಳೆಗಾಲದ ಮನೆ. ಬಲೆ ಹಾಕದೆ ಬಿಟ್ಟಿದ್ದ ಒಂದು ಬೋರ್ಡಿನಲ್ಲಿ ಸಿಂಕ್ ಪಿನ್ನುಗಳ ನಡುವೆ ಒಣಗಿದ ಹಲ್ಲಿ ಹಿಕ್ಕೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದ ಮೇಲೆಯೇ ಚಿತ್ರ ನಿಂತದ್ದು.

ಮುಚ್ಚಳ ಹಾಕಿದ ಮೇಲೆ ಮೂರು ಗಂಟೆ ಓಡಿಸಿದೆ, ಆಮೇಲೆ ಬೋರ್ಡಿನ ಮೇಲೆ 5.02 ವೋಲ್ಟ್, ಮೆನು ಅಲುಗಲಿಲ್ಲ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಯಾವ ಪಿನ್ನಿಗೆ ಯಾವ ಬಣ್ಣದ ವೈರು, ಯಾವ ದಾರಿಯಲ್ಲಿ ಎಷ್ಟು ಓಮ್, ಪ್ರಿಸೆಟ್‌ಗಳ ಮೂಲ ಜಾಗ ಎಲ್ಲಿ. ಅದರ ಕೆಳಗೆ ಕೆಂಪು ಇಂಕಿನಲ್ಲಿ, ಮೇಷ್ಟ್ರ ಕೈಬರಹದಲ್ಲೇ: "5 ವೋಲ್ಟ್ ಮಾತ್ರ."